ನೀ ಫ್ರೀ ಅದೀಯಲ್ಲ

ಹೈದರಾಬಾದು ಆಗ ಆಂಧ್ರದ ರಾಜಧಾನಿ. ಕೂಕಟ್‌ಪಲ್ಲಿಯ ಫ್ಲಾಟೊಂದರಲ್ಲಿ ಗಂಡ, ಅತ್ತೆ, ನಾದಿನಿಯ ಜೊತೆ ಇದ್ದೆ. ಸಂಜೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಬೆಳಗ್ಗೆ ಮನೆಯಲ್ಲಿ ಕಣ್ಣಿಗೆ ಬೀಳುತ್ತಿದ್ದುದೇ ನನಗೆ ಮುಳುವಾಯಿತು. ಗ್ಯಾಸ್ ಸಿಲಿಂಡರ್ ಬಂದರೆ ನಾನು, ಕೆಳಗಿನ ಮನೆಯ ಮಗುವಿಗೆ ಜ್ವರ ಬಂದರೂ ನಾನು. ಎಲ್ಲರದೂ ಒಂದೇ ಮಾತು: "ನೀ ಫ್ರೀ ಅದೀಯಲ್ಲ."

ಅಂಥದ್ದರಲ್ಲಿ ನಮ್ಮ ಕನ್ನಡ ಸಂಘದವರು 'ಫ್ರೀಡಂ' ಎಂಬ ಪದದ ಮೇಲೆ ಮಾತಾಡಿ ಎಂದರು. ಒಪ್ಪಿಕೊಂಡು ಗ್ರಂಥಾಲಯದಿಂದ ದಪ್ಪ ನಿಘಂಟು ಹೊತ್ತು ತಂದೆ. ಪುಟ ತೆರೆದಿದ್ದೆನೋ ಇಲ್ಲವೋ, ನಾದಿನಿ ಬಂದಳು.

"ವೈನಿ, ಫ್ರೀ ಅದೀರಿ? ಸುಲ್ತಾನ್ ಬಜಾರಕ್ಕ ಹೋಗೂಣ ಬರ್ರಿ."

ಮಧ್ಯಾಹ್ನದವರೆಗೂ ಆ ನೂಕುನುಗ್ಗಲಿನಲ್ಲಿ ಸೀರೆ ನೋಡಿದ್ದಾಯಿತು. ಸೀರೆಗೆ ರವಿಕೆ ಬಟ್ಟೆ ಫ್ರೀ ಎಂದು ಅಂಗಡಿಯವನು ಕೂಗಿದಾಗ ಮೈಯೆಲ್ಲ ಉರಿಯಿತು.

ಮರುದಿನ ಹಟ ಹಿಡಿದು ಕೂತೆ. 'ಫ್ರೀ' ಎಂಬ ಪದದ ಮೂಲ ಓದಿ ದಂಗಾದೆ. ಬಹಳ ಹಿಂದೆ ಅದರ ಅರ್ಥ ಬಿಡುಗಡೆಯಲ್ಲ, 'ಅಕ್ಕರೆಯ' ಎಂದು. ನಮ್ಮ 'ಪ್ರಿಯ'ಕ್ಕೂ ಅದಕ್ಕೂ ಬೇರು ಒಂದೇ. 'ಫ್ರೆಂಡ್' ಕೂಡ ಅದೇ ಬಳ್ಳಿಯದು. ಆ ಕಾಲದ ಮನೆಗಳಲ್ಲಿ ಅಕ್ಕರೆಯ ಸ್ವಂತದವರು ಒಂದು ಕಡೆ, ದುಡಿಯುವ ಆಳುಗಳು ಇನ್ನೊಂದು ಕಡೆ. ಆ ಸ್ವಂತದವರಿಗೆ ಸಲ್ಲುತ್ತಿದ್ದ ಪದಕ್ಕೆ ಆಮೇಲೆ ಸ್ವತಂತ್ರರು ಎಂಬ ಅರ್ಥ ಬಂತಂತೆ.

ಖುಷಿ ತಡೆಯಲಾರದೆ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಖರೇ ಐತಿ. ನೀ ಪ್ರೀತಿಯಾಕಿ ಅಂತನ ನಿನಗ ಕೆಲಸ ಹೇಳ್ತೀವಿ. ಮಂದಿಗೆ ಹೇಳ್ತೀವೇನು? ತಗೋ, ಈ ಸೊಪ್ಪು ತೊಳಿ."

ಬುಟ್ಟಿ ಕೈಗೆ ಬಂತು. ನನಗೆ ಸಾಕಾಗಿ ಹೋಯಿತು.

"ಅತ್ತಿ, ನಾ ಫ್ರೀ ಇಲ್ರಿ. ನಾಳಿಂದ ಮುಂಜಾನೆನ ಕಾಲೇಜಿಗೆ ಹೋಗ್ತೀನಿ."

"ಸಂಜೀ ಪಾಠಕ್ಕ ಮುಂಜಾನೆ ಯಾಕ?"

"ಕುಂತು ಓದಾಕ ಜಾಗ ಬೇಕ್ರಿ."

ಅವರು ಮುಖ ಊದಿಸಿಕೊಂಡರು. ಮರುದಿನ ಬೆಳಗ್ಗೆ ನಾನು ಬಸ್ಸು ಹಿಡಿದೆ. ಖಾಲಿ ಸ್ಟಾಫ್ ರೂಮಿನಲ್ಲಿ, ಕಿರುಗುಟ್ಟುವ ಫ್ಯಾನಿನಡಿ ಕೂತು ಬರೆದೆ. ಯಾರೂ ಕರೆಯಲಿಲ್ಲ.

ಭಾಷಣದ ದಿನ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಮನೆಯವರು, ಆಳುಗಳು ಎಂಬ ಮಾತು ಬಂದಾಗ ಪಕ್ಕದವರಿಗೆ, "ಇದು ನನಗ ಮೊದಲೇ ಗೊತ್ತಿತ್ರಿ" ಎಂದದ್ದು ವೇದಿಕೆಗೂ ಕೇಳಿಸಿತು. ಸಿಟ್ಟೂ ನಗುವೂ ಒಟ್ಟಿಗೇ ನುಗ್ಗಿ ಬಂದು, ಮುಂದೆ ಹೇಳಬೇಕಿದ್ದ ಸಾಲು ಮರೆತೇಹೋಯಿತು. ಹೇಗೋ ಮುಗಿಸಿದೆ. ಮುಂಜಾನೆ ಕಾಲೇಜಿಗೆ ಹೋಗುವುದನ್ನು ಮಾತ್ರ ಆಮೇಲೂ ನಿಲ್ಲಿಸಲಿಲ್ಲ.