ಓದಿ, ಕೇಳಿ, ಒಪ್ಪಿ

ಪದ್ಮಮ್ಮನಿಗೆ ಬರೆಯಲು ಬರುತ್ತಿದ್ದುದು ಮೂರೇ ಅಕ್ಷರ, ತನ್ನ ಹೆಸರು. ಅದನ್ನು ಕಲಿಸಿದವನು ತಮ್ಮ ನಿರಂಜನ್. ಹೈಸ್ಕೂಲಿನಲ್ಲಿದ್ದಾಗ ರಜೆಗೆಂದು ಅಕ್ಕನ ಮನೆಗೆ ಬಂದವನು ಅವಳ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿ, ಇನ್ನು ನೀನು ಹೆಬ್ಬೆಟ್ಟಲ್ಲ ಎಂದು ಬೆನ್ನು ತಟ್ಟಿದ್ದ. ಊರೆಲ್ಲ ಅವನನ್ನು ಹೊಗಳಿತು. ಹೊಗಳುವವರ ಗಂಟೇನು ಹೋಗುತ್ತದೆ? ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಯಾರಾದರೂ ಕಾಗದ ಓದಿ ಹೇಳುತ್ತಾರೆ, ಸಹಿ ಹಾಕುವವಳಿಗೆ ಯಾರೂ ಹೇಳುವುದಿಲ್ಲ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಗಂಡ ಸತ್ತ ಹದಿನೈದನೇ ದಿನ ಮೈದುನರು ತಂದ ಕಾಗದಕ್ಕೆ ಅವಳು ಆ ಮೂರಕ್ಷರ ಗೀಚಿದಳು. ಆರು ತಿಂಗಳಿಗೆ ಗಂಡನ ಮನೆಯಿಂದ ಟ್ರಂಕು ಹೊತ್ತುಕೊಂಡು ಹೊರಗೆ ಬಂದಳು.

ಪುಣ್ಯಕ್ಕೆ ಮದ್ದೂರಿನ ಹತ್ತಿರ ಅಪ್ಪನ ಮನೆ ಇತ್ತು. ಎರಡು ಕೋಣೆ, ಹಿಂದೆ ಒಂದೂವರೆ ಎಕರೆ. ಅಪ್ಪ ಹೋದ ಮೇಲೆ ಅದು ಅಕ್ಕ ತಮ್ಮ ಇಬ್ಬರಿಗೂ ಸೇರಿದ್ದು. ಅಲ್ಲಿ ಎಮ್ಮೆ ಕಟ್ಟಿಕೊಂಡು, ಯಾರ ಹಂಗೂ ಇಲ್ಲದೆ ಹನ್ನೊಂದು ವರ್ಷ ಬದುಕಿದಳು. ಅಷ್ಟರಲ್ಲಿ ಅಮೆರಿಕದ ಪ್ರಜೆಯಾಗಿದ್ದ ನಿರಂಜನ್ ಯಾವತ್ತೋ ಹಾಕಿದ್ದ ಅರ್ಜಿ ಫಲಿಸಿ ಅವಳಿಗೆ ಗ್ರೀನ್ ಕಾರ್ಡ್ ಬಂತು. ಐವತ್ತೈದರ ವಯಸ್ಸಿನಲ್ಲಿ ಅವಳು ಡೆಟ್ರಾಯಿಟ್ ಪಕ್ಕದ ನೋವೈಗೆ ಬಂದಿಳಿದಳು.

ಅಕ್ಕನನ್ನು ಕರೆಸಿಕೊಂಡ ತಮ್ಮ ಎಂದು ಬಾಲಾಜಿ ದೇವಸ್ಥಾನದಲ್ಲಿ ಸಿಕ್ಕವರೆಲ್ಲ ಕೊಂಡಾಡಿದರು. ಅಕ್ಕ ಬಂದ ವಾರದಲ್ಲೇ ಅಡುಗೆಯವಳನ್ನು ಬಿಡಿಸಿದ್ದನ್ನು ಮಾತ್ರ ಯಾರೂ ಕೇಳಲಿಲ್ಲ. ನಿರಂಜನ್ ಸ್ಟರ್ಲಿಂಗ್ ಹೈಟ್ಸಿನ ಕಾರಿನ ಕಾರ್ಖಾನೆಯೊಂದಕ್ಕೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದ. ಹೆಂಡತಿ ಲತಾಶ್ರೀಗೆ ಮನೆಯಿಂದಲೇ ಕೆಲಸ, ಜೊತೆಗೆ ಸಮಾಜಸೇವೆ. ಆಫ್ರಿಕಾದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ದೇಣಿಗೆ ಎತ್ತುವ ಸಮಿತಿಗೆ ಅವಳೇ ಅಧ್ಯಕ್ಷೆ. ವರ್ಷಕ್ಕೊಮ್ಮೆ ಹಾಲ್ ಹಿಡಿದು ಊಟ ಹಾಕಿಸಿ, ರೇಷ್ಮೆ ಸೀರೆಯುಟ್ಟು ಮೈಕಿನ ಮುಂದೆ ನಿಂತು, ಓದು ಬಾರದ ಹೆಂಗಸಿನ ಕಷ್ಟ ನೆನೆದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಆ ಊಟಕ್ಕೆ ನಾಲ್ಕು ನೂರು ಮದ್ದೂರು ವಡೆ ಕರಿದು ಕೈಯೆಲ್ಲ ಬೊಬ್ಬೆ ಎಬ್ಬಿಸಿಕೊಂಡವಳು ಪದ್ಮಮ್ಮ. ಲತಾಶ್ರೀಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಪದ್ಮಮ್ಮನೇನು ದೇವತೆಯಲ್ಲ. ಬಾಯಿ ಜೋರು, ಹಟ ಜಾಸ್ತಿ, ಮನುಷ್ಯರನ್ನು ಮೈಬಣ್ಣದಿಂದ ಅಳೆಯುವ ಕೆಟ್ಟ ಚಾಳಿ ಬೇರೆ. ನಾಲ್ಕು ಮನೆ ಆಚೆ ಒಬ್ಬ ಮುದುಕನನ್ನು ನೋಡಿಕೊಳ್ಳಲು ಮುಟಾಲೆ ಎಂಬ ಹೆಂಗಸು ಬರುತ್ತಿದ್ದಳು. ಜಾಂಬಿಯಾದ ಹಳ್ಳಿಯವಳು, ಹೆಚ್ಚು ಕಡಿಮೆ ಇವಳದೇ ವಯಸ್ಸು. ಒಮ್ಮೆ ದಾರಿಯಲ್ಲಿ ಅವಳು ಕಿತ್ತಳೆ ಕೊಟ್ಟಾಗ ಪದ್ಮಮ್ಮ ಬೇಡವೆಂದು, ತಾಗಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುಟಾಲೆ ಅದನ್ನು ನೋಡಿದಳು. ನೋಡಿದ್ದನ್ನು ಮರೆಯುವ ಜಾತಿಯವಳಲ್ಲ.

ಬೀದಿಯ ಮನೆಗಳ ಅಂಚೆಪೆಟ್ಟಿಗೆಗಳೆಲ್ಲ ಒಂದೇ ಕಡೆ ಸಾಲಾಗಿದ್ದವು. ಪದ್ಮಮ್ಮ ಬಂದು ಮೂರು ವರ್ಷವಾಗಿ, ಕಿವಿಗೆ ಬಿದ್ದ ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಒಂದು ದಿನ ಪೋಸ್ಟಿನವನು ತಪ್ಪಾಗಿ ಇವರ ಪೆಟ್ಟಿಗೆಗೆ ಹಾಕಿದ್ದ ಮುದುಕನ ಕಾಗದವನ್ನು ಪದ್ಮಮ್ಮ ತಮ್ಮದೆಂದು ಎತ್ತಿಕೊಂಡು ಹೊರಟಾಗ ಮುಟಾಲೆ ಅದನ್ನು ಕಿತ್ತುಕೊಂಡಳು. ಹೆಸರು ಕಾಣಿಸುವುದಿಲ್ಲವೇ, ಓದಲು ಬರುವುದಿಲ್ಲವೇ ಎಂದು ಕೇಳಿ ಜೋರಾಗಿ ನಕ್ಕಳು. ಪದ್ಮಮ್ಮ ಕನ್ನಡದಲ್ಲೇ ಬಾಯಿಗೆ ಬಂದಂತೆ ಬೈದಳು. ಬೈಗುಳಕ್ಕೆ ಅನುವಾದ ಬೇಕಿರಲಿಲ್ಲ. ಮುಟಾಲೆ ಪೂರ್ತಿ ಕೇಳಿಸಿಕೊಂಡು, ತನ್ನ ಎದೆ ಮುಟ್ಟಿ ತೋರಿಸಿ, ಮೂವತ್ತಾರು ವರ್ಷದ ತನಕ ತನಗೂ ಬರುತ್ತಿರಲಿಲ್ಲ ಎಂದಳು. ಬುಧವಾರ ಲೈಬ್ರರಿಗೆ ಬಾ ಎಂದಳು. ಕರೆದ ದನಿಯೂ ಬೈಗುಳದಂತೆಯೇ ಇತ್ತು.

ಆ ಲೈಬ್ರರಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಗತಿ ನಡೆಯುತ್ತಿತ್ತು. ಮುಟಾಲೆ ತನ್ನ ಇಂಗ್ಲಿಷ್ ತಿದ್ದಿಕೊಳ್ಳಲು ಹೋಗುತ್ತಿದ್ದಳು. ಕಲಿಸುವವರಲ್ಲಿ ಮೈಸೂರಿನ ಇಂದುಮತಿ ಇದ್ದರು, ಬ್ಯಾಂಕಿನಿಂದ ನಿವೃತ್ತರಾಗಿ ಮಗಳ ಮನೆಗೆ ಬಂದವರು. ಈ ವಯಸ್ಸಿನಲ್ಲಿ ಶುರು ಮಾಡುತ್ತೀರಾ ಎಂದು ಅವರು ಹುಬ್ಬೇರಿಸಿದಾಗ ಪದ್ಮಮ್ಮ ಎದ್ದು ಬರುವವಳಿದ್ದಳು. ಮುಟಾಲೆ ಭುಜ ಹಿಡಿದು ಕೂರಿಸಿದಳು. ಇಂಗ್ಲಿಷ್ ಆಮೇಲೆ, ಮೊದಲು ಇವಳ ಭಾಷೆಯಲ್ಲೇ ಕಲಿಸಿ ಎಂದು ಇಂದುಮತಿಗೇ ಅಪ್ಪಣೆ ಮಾಡಿದಳು. ತನ್ನ ಊರಿನಲ್ಲಿ ಹಾಗೆಯೇ ಕಲಿತದ್ದಂತೆ.

ಆ ಊರಿನ ಕಥೆಯನ್ನು ಇಂದುಮತಿ ಕನ್ನಡಕ್ಕೆ ಮಾಡಿ ಹೇಳಿದರು. ಚರ್ಚಿನ ಜಗಲಿಯ ಮೇಲೆ ಮೂವತ್ತು ಹೆಂಗಸರು ಕೂತು ಕಲಿತರು. ಮೊದಲು ಓದಿದ್ದು ಆಸ್ಪತ್ರೆಯ ಔಷಧದ ಚೀಟಿ. ಆಮೇಲೆ ಜೋಳ ಕೊಳ್ಳುವವನ ತಕ್ಕಡಿಯ ಅಂಕಿ, ಅಲ್ಲಿಗೆ ಅವನ ಮೋಸ ನಿಂತಿತು. ಹೆಸರು ಬರೆಯುವುದನ್ನು ಮಾತ್ರ ಅವರ ಮೇಡಂ ಕೊನೆಗೆ ಕಲಿಸಿದರು. ಹೆಸರು ಬರೆಯಲು ಬಂತೆಂದು ಗೊತ್ತಾದ ದಿನವೇ ಎಲ್ಲರೂ ಕಾಗದ ಹಿಡಿದು ಬರುತ್ತಾರೆ, ಆ ದಿನಕ್ಕೆ ನಿಮಗೆ ಕಾಗದ ಓದಲು ಬರುತ್ತಿರಬೇಕು ಎನ್ನುತ್ತಿದ್ದರಂತೆ. ಮುಟಾಲೆಯ ಗಂಡ ಸತ್ತಾಗ ಅವನ ಅಣ್ಣತಮ್ಮಂದಿರು ಹಾಗೆಯೇ ಬಂದರು. ಅವಳು ಆ ಕಾಗದವನ್ನು ಊರಿನ ಯಜಮಾನನ ಮುಂದೆ, ನೆರೆದ ಜನರ ಮುಂದೆ ಗಟ್ಟಿಯಾಗಿ ಓದಿದಳು. ಮನೆ, ಹೊಲ ಎರಡೂ ಅವಳಿಗೇ ಉಳಿದವು. ಮಾರನೇ ವಾರ ಒಂದಿಷ್ಟು ಗಂಡಸರು ಬಂದು ಜಗಲಿಯ ಕಪ್ಪು ಹಲಗೆ ಮುರಿದು ಹಾಕಿದರು. ಹೆಂಗಸರು ಚರ್ಚಿನ ಬಾಗಿಲ ಮೇಲೆ ಇದ್ದಿಲಿನಲ್ಲಿ ಬರೆದು ಪಾಠ ಮುಂದುವರಿಸಿದರು.

ಪದ್ಮಮ್ಮ ಕೇಳುತ್ತಲೇ ಹೋಲಿಸಿ ನೋಡಿದಳು. ಅದೇ ಸಾವು, ಅದೇ ಮೈದುನರು, ಅದೇ ಕಾಗದ. ಇವಳು ಉಳಿಸಿಕೊಂಡಳು, ನಾನು ಕಳೆದುಕೊಂಡೆ. ಆ ದಿನ ಮುಟಾಲೆಯ ಮೇಲೆ ಬಂದಷ್ಟು ಸಿಟ್ಟು ಅವಳಿಗೆ ಮೈದುನರ ಮೇಲೂ ಬಂದಿರಲಿಲ್ಲ. ಆ ಸಿಟ್ಟಿನಲ್ಲೇ ಕಲಿತಳು. ಮನೆಯಲ್ಲಿ ವಾಕಿಂಗ್ ಎಂದು ಸುಳ್ಳು ಹೇಳಿ ಅಕ್ಟೋಬರಿನಿಂದ ಮೇವರೆಗೆ, ಹಿಮ ಸುರಿದ ವಾರಗಳಲ್ಲೂ, ಒಂದು ಬುಧವಾರ ತಪ್ಪಿಸಲಿಲ್ಲ. ಇಂದುಮತಿ ಗದರಿದರೆ ತಿರುಗಿ ಗದರುತ್ತಿದ್ದಳು. ಮಾರ್ಚಿನ ಹೊತ್ತಿಗೆ ಹಳೇ ವಾರಪತ್ರಿಕೆಯ ಅರ್ಧ ಪುಟವನ್ನು ತಡವರಿಸುತ್ತಾ ಓದಿ, ಬರೆದವನಿಗೆ ಬುದ್ಧಿಯಿಲ್ಲ ಎಂದಳು.

ಮೇ ತಿಂಗಳಲ್ಲಿ ನಿರಂಜನ್ ಒಂದು ವಿಷಯ ತೆಗೆದ. ಊರಿನ ಜಮೀನಿನ ಖಾತೆಯನ್ನು ಇಬ್ಬರ ಹೆಸರಿಗೂ ಮಾಡಿಸಬೇಕು, ಅದಕ್ಕೆ ಅಲ್ಲಿ ಓಡಾಡುವ ನೆಂಟನಿಗೊಂದು ಅಧಿಕಾರ ಪತ್ರ ಬೇಕು, ಅಕ್ಕ ಶಿಕಾಗೊದಲ್ಲಿರುವ ಭಾರತೀಯ ದೂತಾವಾಸದ ಕಛೇರಿಯಲ್ಲಿ ಅಧಿಕಾರಿಯ ಮುಂದೆ ಒಂದು ಸೈನ್ ಹಾಕಿದರೆ ಮುಗಿಯಿತು. ಮುಗಿದ ಮೇಲೆ ಅಲ್ಲಿನ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂನಲ್ಲಿ ಒಳ್ಳೆಯ ಸೀರೆ. ಅಸಲು ಸಂಗತಿ ಬೇರೆ. ಹೊಸ ಹೆದ್ದಾರಿ ಆ ನೆಲದ ಮಗ್ಗುಲಲ್ಲೇ ಹಾದು ಬೆಲೆ ಏರಿತ್ತು. ಸೈನ್ ಬಿದ್ದರೆ ಮನೆ, ನೆಲ ಎರಡರಲ್ಲೂ ಪದ್ಮಮ್ಮನ ಪಾಲು ಹೋಗುತ್ತಿತ್ತು. ಈ ಭೂಮಿಯ ಮೇಲೆ ಅವಳು ನನ್ನದು ಎನ್ನಬಹುದಾದ ಸೂರು ಅದೊಂದೇ.

ಅವಳಿಗೆ ಅನುಮಾನವೇನೂ ಬಂದಿರಲಿಲ್ಲ. ತಾನು ಸಾಕಿದ ಹುಡುಗ. ಹೊಸದಾಗಿ ಓದಲು ಬಂದವರ ಚಪಲಕ್ಕೆ, ಎಲ್ಲಪ್ಪ ಅದು, ನೋಡೋಣ ಎಂದು ಎರಡು ಸಲ ಕೇಳಿದಳು. ಅಲ್ಲೇ ನೋಡುವಿಯಂತೆ ಎಂದ. ಬೆಳಿಗ್ಗೆ ಹೊರಟು ಇನ್ನೂರೆಂಬತ್ತು ಮೈಲಿ ಹೋದರೂ ಆ ಫೈಲು ಅವನ ಸೀಟಿನ ಪಕ್ಕದಿಂದ ಈಚೆ ಬರಲಿಲ್ಲ. ಅಷ್ಟು ಹೊತ್ತಿಗೆ ಅನುಮಾನ ಬಂತು.

ಕೌಂಟರಿನಲ್ಲಿದ್ದ ಅಧಿಕಾರಿ ಕಾಗದ ಮುಂದೆ ತಳ್ಳಿ, ಓದಿದ್ದೀರಾ ಎಂದು ಇಂಗ್ಲಿಷಿನಲ್ಲಿ ವಾಡಿಕೆಗೆ ಕೇಳಿದರು. ಹೌದು ಎಂದವನು ನಿರಂಜನ್. ಪದ್ಮಮ್ಮ ತಲೆಯಾಡಿಸಿ, ಇಲ್ಲ, ಈಗ ಓದುತ್ತೇನೆ ಎಂದು ತನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದಳು. ಹಾಗಾದರೆ ಆಚೆ ಕೂತು ಓದಿ ಬನ್ನಿ ಎಂದು ಅವರು ಮುಂದಿನವರನ್ನು ಕರೆದರು. ನಿರಂಜನ್ ಮೊದಲು ನಕ್ಕ. ಅಕ್ಕ ಕನ್ನಡಕ ಹಾಕಿಕೊಂಡು, ಊರಿನ ನೋಂದಣಿ ಕಛೇರಿಗೆಂದು ಕನ್ನಡದಲ್ಲೇ ಬರೆಸಿದ್ದ ಆ ಪತ್ರದ ಮೊದಲ ಸಾಲಿನ ಕೆಳಗೆ ಬೆರಳಿಟ್ಟಾಗ ನಗು ನಿಂತಿತು.

ನಲವತ್ತು ನಿಮಿಷ ಓದಿದಳು. ಬಾಯಿ ಬಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಎಡವಿದಲ್ಲಿ ಮತ್ತೆ ಹಿಂದಕ್ಕೆ ಹೋಗಿ. ಕಾದು ಕೂತಿದ್ದ ಜನ ತಿರುಗಿ ನೋಡತೊಡಗಿದರು. ನಿರಂಜನ್ ಹಲ್ಲು ಕಚ್ಚಿ, ಸೀನ್ ಮಾಡಬೇಡ ಎಂದ, ಅಪಾಯಿಂಟ್‌ಮೆಂಟ್ ತಪ್ಪುತ್ತದೆ ಎಂದ, ಕಾಗದಕ್ಕೆ ಕೈ ಹಾಕಿದ. ಅವಳು ಆ ಕೈಗೆ ಪಟ್ಟೆಂದು ಹೊಡೆದಳು. ಎರಡನೇ ಪುಟದಲ್ಲಿ ‘ಸದರಿ ಸ್ವತ್ತಿನಲ್ಲಿ ನನಗಿರುವ ಸಂಪೂರ್ಣ ಹಕ್ಕನ್ನು ನನ್ನ ತಮ್ಮನ ಹೆಸರಿಗೆ ಖುಲಾಸೆ ಮಾಡಿಕೊಡಲು’ ಎಂದಿತ್ತು. ಖುಲಾಸೆ ಎಂದರೆ ಹಕ್ಕು ಬಿಟ್ಟುಕೊಡುವುದೆಂದು ತಾಲ್ಲೂಕು ಕಛೇರಿಯ ಮೆಟ್ಟಿಲು ಸವೆಸಿದ ವಿಧವೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ನಿಲ್ಲಿಸದೆ ಕೊನೆಯ ಸಾಲಿನವರೆಗೆ ಹೋದಳು. ‘ಓದಿ, ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ.’ ಗಂಡನ ಮನೆ ನುಂಗಿದ ಕಾಗದದಲ್ಲೂ ಇದೇ ಸಾಲು ಇದ್ದಿರಬೇಕು. ಅವಳು ಕನ್ನಡಕದ ಮೇಲಿಂದ ತಮ್ಮನನ್ನು ನೋಡಿದಳು.

“ಇಷ್ಟು ವರ್ಷ ಅನ್ನ ಹಾಕಿದೀನಿ ಅಕ್ಕ. ಒಂದು ಸೈನ್ ಹಾಕೋಕೆ ಇಷ್ಟು ಯೋಚನೆನಾ?” ಎಂದ ನಿರಂಜನ್.

“ಅನ್ನ ಬೇಯ್ಸಿದ್ದು ನಾನು,” ಎಂದಳು ಪದ್ಮಮ್ಮ. “ಅವ್ವ ಸತ್ತಾಗ ನಿಂಗೆ ಮೂರು ತಿಂಗ್ಳು ಕಣೋ. ನಿನ್ನ ಎತ್ಕಳಕ್ಕೆ ಅಂತ ಸೇರ್ಸಿದ್ ವರ್ಷಾನೇ ನನ್ನ ಇಸ್ಕೂಲು ಬಿಡ್ಸುದ್ರು. ನೀನು ಓದಿದ್ದು ಇದ್ನ ಬರ್ಸಕ್ಕಾ?”

ಅವಳು ಎದ್ದು ಕೌಂಟರಿಗೆ ಹೋಗಿ ಪೆನ್ನು ಇಸಿದುಕೊಂಡಳು. ಸಹಿಯ ಜಾಗದಲ್ಲಿ, ತರಗತಿಯ ಆಚೆ ಮೂರಕ್ಷರದ ಹೊರತು ತನ್ನ ಕೈಯಿಂದ ಅದುವರೆಗೆ ಯಾವ ಕಾಗದದ ಮೇಲೂ ಏನನ್ನೂ ಬರೆದಿರದವಳು, ‘ಓದಿದೆ. ಕೇಳಿದೆ. ಒಪ್ಪಿಲ್ಲ’ ಎಂದು ಸೊಟ್ಟ ಸೊಟ್ಟಗೆ ಬರೆದು ಕಾಗದವನ್ನು ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಕಾರು ಡೆವನ್ ಅವೆನ್ಯೂ ಕಡೆಗೆ ತಿರುಗಲಿಲ್ಲ. ಇಂಡಿಯಾನಾ ದಾಟುವಷ್ಟರಲ್ಲಿ ಲತಾಶ್ರೀಯ ಫೋನು ನಾಲ್ಕು ಸಲ ಬಂತು, ಅವನು ಎತ್ತಲಿಲ್ಲ. ಮಿಶಿಗನ್ ಸೇರಿದ ಮೇಲೆ ರಸ್ತೆ ನೋಡುತ್ತಲೇ, “ಇನ್ಮೇಲೆ ನಿನ್ ದಾರಿ ನೀನೇ ನೋಡ್ಕೋ,” ಎಂದ. ಅವಳು ಅಳುತ್ತಾಳೆಂದು, ಕಾಲು ಹಿಡಿಯುತ್ತಾಳೆಂದು ಕಾದ.

“ನೋಡ್ಕಂಡಿವ್ನಿ,” ಎಂದಳು ಪದ್ಮಮ್ಮ. “ನನ್ ಮನೆಗೆ ಟಿಕೀಟು ತೆಗಿ. ತಾರೀಕು ನಾನೇ ಓದ್ಕತೀನಿ.”