ಮಾತು ಬರಿಸುವ ಗಿಲಕಿ

ಅವರ ನಾಲಿಗೆ ಒಂದು ದಿನ ಕೆಂಪಗಿದ್ದರೆ ಇನ್ನೊಂದು ದಿನ ಹಸಿರು. ಬಂಗಾರಪೇಟೆಯ ಸ್ಟೇಷನ್ ಬೀದಿಯಲ್ಲಿ ಆಟಿಕೆ ಅಂಗಡಿ ಇಟ್ಟಿದ್ದವರು. ಹೊಸ ಸರಕು ಬಂದರೆ ಮೊದಲು ನೆಕ್ಕಿ ನೋಡುವರು. ಬಣ್ಣ ಬಿಟ್ಟರೆ ಅದು ಮಾರಾಟಕ್ಕಿಲ್ಲ. "ಮಗು ಬಾಯಿಗಿಡೋಕ್ ಮೊದ್ಲು ನಾನಿಡ್ಬೇಕಲ್ವಾ?" ಎನ್ನುವರು. ಕೂತಲ್ಲಿ ಕೂರದ ಮನುಷ್ಯ. ಮಾತಾಡುತ್ತಲೇ ಬುಗುರಿ ತಿರುಗಿಸುವುದು, ಗೊಂಬೆಯ ಕಣ್ಣು ಕಿತ್ತು ಬರುತ್ತದೋ ಎಂದು ಉಗುರು ಹಾಕುವುದು ನಡೆದೇ ಇರುತ್ತಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಐವತ್ತರ ದಶಕದ ಕೊನೆ. ನಾವಿದ್ದದ್ದು ಚಿನ್ನದ ಗಣಿಯ ಉರಿಗಾಂನಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ. ನನ್ನ ಮಗನಿಗೆ ಒಂದೂವರೆ ವರ್ಷ ತುಂಬಿದರೂ "ಅಮ್ಮ" ಅನ್ನಲಿಲ್ಲ. "ನಿನ್ ಗಂಡಂಗೂ ಮಾತು ತಡವಾಗೇ ಬಂತು" ಎಂದು ಅತ್ತೆ ಸಮಾಧಾನ ಹೇಳುವರು. ನನಗೆಲ್ಲಿಯ ಸಮಾಧಾನ! ಒಲೆ ಮುಂದೆ ಕೂತರೆ ಎದ್ದು ಬರುವೆ, ನಲ್ಲಿಯ ಹತ್ತಿರ ನಿಂತರೆ ಸಾಲು ಬಿಟ್ಟು ಓಡಿ ಬರುವೆ, ಮಗು ಏನಾದರೂ ಅಂದಿತೇನೋ ಎಂದು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಮದರಾಸಿನ ಹೊಸ ಗಿಲಕಿಯ ಸುದ್ದಿ ತಂದಳು. ಅದನ್ನು ಆಡಿಸಿದರೆ ತಿಂಗಳಲ್ಲೇ ಮಗುವಿಗೆ ಮಾತು ಬರುತ್ತದಂತೆ, ಡಬ್ಬಿಯ ಮೇಲೇ ಬರೆದಿದೆಯಂತೆ. ಮಾರನೆಯ ದಿನವೇ ಮಗುವನ್ನೆತ್ತಿಕೊಂಡು ಬಂಗಾರಪೇಟೆಯ ರೈಲು ಹತ್ತಿದೆ.

"ಐತೆ" ಎಂದು ಅಣ್ಣ ಡಬ್ಬಿ ತೆಗೆದರು. "ಬಣ್ಣ ಬಿಡಾಕಿಲ್ಲ, ಎಲ್ಲೂ ಚೂಪಿಲ್ಲ. ಅಷ್ಟು ನಾನ್ ಏಳ್ತೀನಿ. ಮಾತು ಬತ್ತೈತೆ ಅನ್ನೋದು ಡಬ್ಬಿ ಮಾತು, ನಂದಲ್ಲ."

"ಎಷ್ಟೋ ಮಕ್ಳಿಗೆ ಬಂದೈತಂತಲ್ಲಣ್ಣಾ!"

"ಮಕ್ಳಿಗೆ ಮಾತು ಬಂದೋರು ಅಂಗ್ಡಿಗೆ ಬಂದು ಒಗಳ್ತಾರೆ. ಬರ್ದಿದ್ದೋರು ಮನೇಲಿ ಅಳ್ತಾ ಕೂತವ್ರೆ, ಅವರ್ನ ಯಾರ್ ಕೇಳಿದ್ರು? ಬಂದ ಮಕ್ಳಿಗೂ ಗಿಲಕಿ ಇಲ್ದಿದ್ರೆ ಬತ್ತಿರ್ಲಿಲ್ವಾ?"

ನನಗೆ ರೇಗಿತು. ಮಾರುವವರೇ ಹೀಗೆ ಅಡ್ಡಗಾಲು ಹಾಕಿದರೆ! ಗಿಲಕಿ ಕಿತ್ತುಕೊಂಡು ಮಗುವಿನ ಮುಂದೆ ಆಡಿಸಿದೆ. ಅದು ಕಿಲಕಿಲ ನಕ್ಕು ಎರಡೂ ಕೈ ಚಾಚಿತು. "ನೋಡಣ್ಣಾ, ಎಂಗೆ ಕೇಳಿಸ್ಕಂಡ!"

ಅವರು ನಗಲಿಲ್ಲ. ಗಿಲಕಿ ತೆಗೆದುಕೊಂಡು ಮಗುವಿನ ಬೆನ್ನ ಹಿಂದೆ ಹೋಗಿ ಆಡಿಸಿದರು. ಮಗು ನನ್ನ ಬಳೆ ಹಿಡಿದುಕೊಂಡು ಆಡುತ್ತಿತ್ತು. ತಗಡಿನ ಡೋಲು ತಂದು ಬಾರಿಸಿದರು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು, ಮಗು ನೋಡಲಿಲ್ಲ.

"ಕಿವಿ ಚೆನ್ನಾಗೈತೆ ಕಣಣ್ಣಾ! ಗಣೀಲಿ ಬಂಡೆ ಸಿಡಿದ್ರೆ ನಿದ್ದೇಲಿದ್ರೂ ಬೆಚ್ಚಿ ಬೀಳ್ತಾನೆ" ಎಂದು ಕೂಗಿದೆ. ನಮ್ಮ ಲೈನಿನಲ್ಲಿ ಮಗುವಿಗೆ ಕಿವಿ ಕೇಳುತ್ತದೆ ಎನ್ನಲು ಎಲ್ಲರಿಗೂ ಅದೇ ಸಾಕ್ಷಿಯಾಗಿತ್ತು.

"ಸಿಡಿದ್ರೆ ನಿಮ್ ಮನೆ ಪಾತ್ರೆನೂ ಅದುರ್ತವಲ್ವಾ ತಾಯಿ" ಎಂದರು ಮೆಲ್ಲಗೆ. "ಅವಕ್ಕೇನ್ ಕಿವಿ ಐತಾ? ಅಲ್ಲಿ ನೆಲ ಅದುರ್ತೈತೆ, ಮಗೀನ್ ಮೈಗೆ ಗೊತ್ತಾಗ್ತೈತೆ. ಇಲ್ಲಿ ನೆಲ ಅದುರಾಕಿಲ್ಲ. ಗಿಲಕಿ ಬ್ಯಾಡ. ಡಾಕ್ಟ್ರತ್ರ ಓಗು, ಇವತ್ತೇ ಓಗು."

"ನಿನ್ ಬಾಯಿಗ್ ಮಣ್ಣಾಕ!" ಎಂದು ಶಪಿಸಿ ಎದ್ದು ಬಂದೆ. ರೈಲಿನಲ್ಲಿ ದಾರಿಯುದ್ದಕ್ಕೂ ಮಗುವಿನ ತಲೆಯ ಹಿಂದೆ ಚಪ್ಪಾಳೆ ತಟ್ಟುತ್ತಲೇ ಇದ್ದೆ. ಮಗು ಒಮ್ಮೆಯೂ ತಿರುಗಲಿಲ್ಲ.

ಆಸ್ಪತ್ರೆಯಲ್ಲೂ ಅದೇ ಮಾತು: ಹುಟ್ಟಿನಿಂದಲೇ ಕಿವುಡು. ಇಷ್ಟು ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಬೆಂಗಳೂರಿನ ಕಿವುಡು ಮಕ್ಕಳ ಶಾಲೆಯ ದಾರಿ ತೋರಿಸಿದರು. ಶಾಲೆಯ ವಯಸ್ಸಾದ ಕೂಡಲೇ ಸೇರಿಸಿದೆವು. ಅಲ್ಲಿ ಮೇಷ್ಟ್ರು ಮಗುವಿನ ಅಂಗೈಯನ್ನು ತಮ್ಮ ಗಂಟಲ ಮೇಲಿಟ್ಟು, ತುಟಿ ತೋರಿಸಿ ಮಾತು ಕಲಿಸುತ್ತಿದ್ದರು.

ಮೊದಲ ರಜೆಗೆ ಬಂದವನನ್ನು ನೇರ ಅಂಗಡಿಗೇ ಕರೆದುಕೊಂಡು ಹೋದೆ. "ಅಣ್ಣಾ, ಇವ್ನೀಗ ನಿನ್ನ 'ಮಾವ' ಅಂತ ಕರೀಬಲ್ಲನಂತೆ. ಮೇಷ್ಟ್ರು ಏಳಿದ್ರು."

"ಮೇಷ್ಟ್ರು ಏಳ್ತಾರೆ. ನಾನ್ ನೋಡ್ಬೇಕಲ್ವಾ?" ಎಂದವರೇ ನಮಗೆ ಬೆನ್ನು ತಿರುಗಿಸಿ, ಗೋಡೆ ನೋಡುತ್ತಾ ನಿಂತರು. ಒಂದು ಗಳಿಗೆ ಸುಮ್ಮನಿರದವರು ಅಲ್ಲಾಡದೆ ನಿಂತಿದ್ದರು. ನಾನು ಮಗನಿಗೆ ತುಟಿಯಾಡಿಸಿ ತೋರಿಸಿದೆ. ಅವನು ಗಂಟಲಿಗೆ ಕೈ ಒತ್ತಿಕೊಂಡು "ಮಾ...ವ" ಎಂದ, ಒರಟಾಗಿ, ಬೀದಿಗೆ ಕೇಳುವಷ್ಟು ಜೋರಾಗಿ.

ಅಣ್ಣ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು. "ನಿಜ ಕಣಮ್ಮಾ" ಎಂದರು.

ಮರುವರ್ಷ ಅವರು ತೀರಿಕೊಂಡರು. ನನ್ನ ಮನಸ್ಸು ನೋಯಬಾರದೆಂದು ಜನ ಈಗಲೂ "ನಿಮ್ಮ ಮಗ ಎಷ್ಟು ಚೆನ್ನಾಗಿ ಮಾತಾಡ್ತಾನೆ" ಎನ್ನುತ್ತಾರೆ. ಕೇಳಿದಷ್ಟೂ ನನಗೆ ಚಡಪಡಿಕೆ. ಬೆನ್ನು ತಿರುಗಿಸಿ ನಿಂತು, ಕೇಳಿಸಿಕೊಂಡು, ಆಮೇಲೆ ಹೇಳುವವರು ಇನ್ನು ನನಗೆ ಯಾರಿದ್ದಾರೆ?