ಕೆಂಪು ಹಿಡಿಯುವ ಹೊತ್ತು

ಬಾಣಲೆಯಲ್ಲಿ ಕಲಸಿಟ್ಟ ಮದರಂಗಿಯೊಳಗಿಂದ ಕನ್ನಮ್ಮ ಕೂದಲಿನ ಉಂಡೆಯೊಂದನ್ನು ಎತ್ತುತ್ತಾರೆ. ನೀರಲ್ಲಿ ಜಾಲಿಸಿ, ಹಿಂಡಿ, ಹಿತ್ತಿಲ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಸೂರ್ಯ ಇನ್ನೂ ಗುಡ್ಡದ ಆಚೆಗಿದ್ದಾನೆ. ಉಂಡೆಯಲ್ಲಿದ್ದ ಬಿಳಿ ಎಳೆಗಳು ಕೆಂಪಾಗಿಲ್ಲ, ಮಸಿಯ ಬಣ್ಣಕ್ಕೆ ತಿರುಗಿವೆ. ಅವರು ಬಗ್ಗಿ ಬಾಣಲೆಯನ್ನು ಮೂಸುತ್ತಾರೆ.

"ಇದಕ್ಕೆ ಎಂತ ಹಾಕಿದ್ರಿ, ವರದಮ್ಮ?"

"ನೀ ಫೋನಲ್ಲಿ ಹೇಳಿದ್ದೇ. ಮದರಂಗಿ ಪುಡಿ, ಬಿಸಿನೀರು."

"ಮತ್ತೆ?"

"ಮತ್ತೆ... ಒಂದು ಸೌಟು ಚೊಗರು."

ಚೊಗರು ಎಂದರೆ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಬೆಂದ ಅಡಿಕೆಗೆ ಬಣ್ಣ ಕೊಡುವುದೇ ಅದು. "ಅಡಿಕೆಗೆ ಹಿಡಿಯೋ ಕೆಂಪು ಇವಳ ತಲೆಗೆ ಹಿಡಿಯಲ್ವಾ ಅಂದ್ಕೊಂಡೆ" ಎನ್ನುತ್ತಾರೆ ವರದಮ್ಮ.

"ಬಾಣಲೆ ಕಬ್ಬಿಣದ್ದಲ್ವಾ? ಬಾಳೆಕಾಯಿ ಹೆಚ್ಚಿದ ಕತ್ತಿ ಏನಾಗತ್ತೆ ಹೇಳಿ. ಒಗರಿಗೆ ಕಬ್ಬಿಣ ಸೇರಿದ್ರೆ ಕಪ್ಪೇ."

ಬಚ್ಚಲ ಹೊಸ್ತಿಲಲ್ಲಿ ಕೂದಲು ಬಿಚ್ಚಿಕೊಂಡು ಕೂತಿದ್ದ ಜಲಜಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. "ಕಪ್ಪು ಬೇಡ ಅಂತಲೇ ಇವಳನ್ನ ಕರೆಸಿದ್ದು! ವಾರಗಿತ್ತಿ ಅಂದ್ರೆ ಹೀಗಿರಬೇಕು ನೋಡು."

"ಇನ್ನೂ ಹಚ್ಚಿಲ್ಲ ಮಾರಾಯ್ತಿ, ಈಗಲೇ ಅಳಬೇಡ" ಎಂದು ವರದಮ್ಮ ಬಾಣಲೆ ಎತ್ತಿಕೊಂಡು ಹೋಗಿ ಬಾಳೆಬುಡಕ್ಕೆ ಸುರಿಯುತ್ತಾರೆ.

ಅರಳಸುರಳಿಯ ಈ ಮನೆಯಲ್ಲಿ ನಾಳೆ ಮೊಮ್ಮಗಳು ರಕ್ಷಾಳ ನಿಶ್ಚಿತಾರ್ಥ. ಎರಡು ವರ್ಷದ ಹಿಂದೆ ಇದೇ ಮನೆಯ ಒಂದು ಮದುವೆಯ ಮುನ್ನಾದಿನ ಜಲಜಮ್ಮ ಎಂದಿನಂತೆ ಕಪ್ಪು ಬಣ್ಣ ಹಚ್ಚಿಕೊಂಡಿದ್ದರು. ಬೆಳಿಗ್ಗೆ ಕಣ್ಣು ತೆರೆಯಲಾಗದಷ್ಟು ಮುಖ ಊದಿತ್ತು. ಮದುವೆ ಪೂರ್ತಿ ಅವರು ಕತ್ತಲೆ ಕೋಣೆಯಲ್ಲಿ ಕಳೆದರು. ಆಲ್ಬಮ್ಮಿನ ಒಂದು ಫೋಟೋದಲ್ಲೂ ಅವರಿಲ್ಲ. ಇನ್ನು ಆ ಬಣ್ಣ ಮುಟ್ಟಬೇಡಿ ಎಂದರು ಡಾಕ್ಟರು. ಅಂದಿನಿಂದ ತಲೆ ಬೆಳ್ಳಗಾಗಿದೆ, ಜಲಜಮ್ಮ ಯಾವ ಮನೆಯ ಕಾರ್ಯಕ್ಕೂ ಹೋಗಿಲ್ಲ.

"ಬಿಳಿ ಇದ್ರೇನು ಅಂತಾರೆ ನಮ್ಮನೆಯವರು. ಇವರದ್ದು ಬಿಳಿಯಾದ್ರೆ ಹಿರಿಯರು ಅಂತ ಎದ್ದು ನಿಲ್ತಾರೆ. ನಂದಾದ್ರೆ, ಪಾಪ, ಎಷ್ಟು ಇಳಿದುಹೋದ್ರಿ ಅಂತಾರೆ. ಈ ಸಲ ಫೋಟೋದಲ್ಲಿ ನಿಲ್ಲಬೇಕು ಕನ್ನಮ್ಮ. ಅಷ್ಟೇ."

ಕನ್ನಮ್ಮ ಪ್ಲಾಸ್ಟಿಕ್ ಬೋಗುಣಿಯಲ್ಲಿ ಹೊಸದಾಗಿ ಪುಡಿ ಕಲಸುತ್ತಾರೆ. ಬಿಸಿನೀರು, ಎರಡು ನಿಂಬೆಹಣ್ಣು, ಬೇರೇನಿಲ್ಲ. ಬಚ್ಚಲೊಲೆಯ ಬಿಸಿಗೆ ಬೋಗುಣಿ ಇಟ್ಟು ಕಾಯುತ್ತಾರೆ. ಗಡಿಬಿಡಿಯಿಲ್ಲ.

ಹೊಸನಗರದ ಹೊರವಲಯದಲ್ಲಿ ಅವರ ಮನೆ. ಗಂಡ ಬೆಳ್ಳಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಇವತ್ತು ನಸುಕಿಗೇ ಹೆಂಡತಿಯನ್ನು ಇಲ್ಲಿ ಇಳಿಸಿ ಹೋಗಿದ್ದಾರೆ. ಉಳಿದ ದಿನ ಬಸ್ಸು. ಸಾಗರ, ತೀರ್ಥಹಳ್ಳಿ, ಹಿನ್ನೀರಿಗೆ ಸೇತುವೆ ಆದ ಮೇಲೆ ತುಮರಿಯೂ. ದಿನಕ್ಕೆ ಎರಡು ತಲೆ, ಮದುವೆ ಕಾಲದಲ್ಲಿ ನಾಲ್ಕು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಾಗ ಜೊತೆಯವರಿಗೆ ಮದರಂಗಿ ಹಚ್ಚಿ ಶುರುವಾದದ್ದು. ಮದರಂಗಿಯ ಮೇಲೆ ಹಚ್ಚುವ ಡಬ್ಬಿಯ ಕೆಂಪು ಬಣ್ಣವನ್ನು ಶಿವಮೊಗ್ಗದಿಂದ ತಂದು ತೋರಿಸಿದ್ದು ಮಗಳು ಬಿಂದುಶ್ರೀ. ಅಮೋನಿಯಾ ಇಲ್ಲದ, ಕೂದಲ ಮೇಲಷ್ಟೇ ಕೂರುವ ಬಣ್ಣ ಅದು. ತೊಳೆದ ಹಾಗೆಲ್ಲ ಮಾಸುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೂ ಕೂದಲು ಕೆಡುವುದಿಲ್ಲ.

ಯಾವ ಮನೆಗೆ ಹೋದರೂ ಕನ್ನಮ್ಮ ಮೊದಲು ಕೇಳುವುದು ಉದುರಿದ ಕೂದಲನ್ನು. ಬಾಚಣಿಗೆಗೆ ಬಂದದ್ದನ್ನು ಸುತ್ತಿ ಮಾಡಿನ ಸಂದಿಗೆ ಸಿಕ್ಕಿಸಿಡುವುದು ಇಲ್ಲಿನ ಹೆಂಗಸರ ರೂಢಿ. ಕೂದಲಿಗೆ ಪಾತ್ರೆ ಕೊಡುವವರು ಬಂದಾಗ ಹೊರತೆಗೆಯುತ್ತಾರೆ. ಆ ಉಂಡೆ ಬಣ್ಣ ಕುಡಿದದ್ದನ್ನು ಕಣ್ಣಾರೆ ನೋಡದೆ ಕನ್ನಮ್ಮ ತಲೆಗೆ ಕೈ ಹಾಕುವುದಿಲ್ಲ. ಚರ್ಮಕ್ಕೆ ಬೇರೆ ಪರೀಕ್ಷೆ. ಹೋದ ವಾರವೇ ಬಂದು ಜಲಜಮ್ಮನ ಒಂದು ಕಿವಿಯ ಹಿಂದೆ ಮದರಂಗಿ, ಇನ್ನೊಂದರ ಹಿಂದೆ ಡಬ್ಬಿ ಬಣ್ಣ ಚುಕ್ಕೆಯಿಟ್ಟು ಹೋಗಿದ್ದರು. ತುರಿಕೆಯಿಲ್ಲ, ಗುಳ್ಳೆಯಿಲ್ಲ. ಆದರೂ ಜಲಜಮ್ಮ ಗಳಿಗೆಗೊಮ್ಮೆ ಕಿವಿ ಮುಟ್ಟಿಕೊಳ್ಳುತ್ತಾರೆ.

"ಮೊದಲು ದೊಡ್ಡ ಮನೆಯವರೆಲ್ಲ ಕೊಟ್ಟಿಗೆ ಪಕ್ಕ ಕೂತು ಹಚ್ಚಿಸ್ಕೊಳ್ತಿದ್ರು, ನಾನು ಒಳಗೆ ಬರಬಾರದು ಅಂತ" ಕನ್ನಮ್ಮ ನಗುತ್ತಾರೆ. "ಈಗ ಬಚ್ಚಲಿಗೆ ಬಂದಿದೀನಿ. ನೋಡೋಣ, ನಡುಮನೆ ಯಾವಾಗ್ಲೋ."

"ನಡುಮನೇಲಿ ಕಲೆಯಾದ್ರೆ ಯಾರು ಉಜ್ಜೋದು? ನೀನಾ?" ಎನ್ನುತ್ತಾರೆ ಜಲಜಮ್ಮ.

"ಕರೀರಿ. ಉಜ್ಜಿಯೇ ಹೋಗ್ತೀನಿ."

ಈ ಸಲ ಉಂಡೆಯ ಎಳೆಗಳು ಕಿತ್ತಳೆಗೆಂಪಾಗಿ ಹೊರಬರುತ್ತವೆ. ಕನ್ನಮ್ಮ ಕೈಗವಸು ತೊಟ್ಟು, ಬೈತಲೆ ಬೈತಲೆಯಾಗಿ ಬಿಡಿಸಿ ಹಚ್ಚತೊಡಗುತ್ತಾರೆ. ಮದರಂಗಿ ತಲೆಯ ಮೇಲಿದ್ದಷ್ಟು ಹೊತ್ತೂ ಮನೆ ಜಲಜಮ್ಮನನ್ನು ಬಿಡುವುದಿಲ್ಲ. ಏಲಕ್ಕಿ ಎಲ್ಲಿ? ಜಮಖಾನ ಎಷ್ಟು ತೆಗೀಲಿ? ತಾಂಬೂಲದ ತಟ್ಟೆ ಯಾವ ಪೆಟ್ಟಿಗೇಲಿ? ಕೂತಲ್ಲಿಂದಲೇ ಅವರು ಎಲ್ಲದಕ್ಕೂ ಉತ್ತರಿಸುತ್ತಾರೆ. ನಾಲ್ಕು ದಿನದಿಂದ ಹೀಗೇ ಎಂದು ಆಕಳಿಸುತ್ತಾರೆ.

ತೊಳೆದ ಮೇಲೆ ರಕ್ಷಾ ಇಣುಕಿ ನೋಡಿ ಕಿರುಚುತ್ತಾಳೆ. "ಅಜ್ಜೀ! ಹುಂಜದ ಜುಟ್ಟು!"

ಜಲಜಮ್ಮನ ಮುಖ ಸಣ್ಣದಾಗುತ್ತದೆ. "ಹೌದೇನೆ ಕನ್ನಮ್ಮ?"

"ಸದ್ಯಕ್ಕೆ ಹುಂಜವೇ. ಡಬ್ಬಿ ಬಣ್ಣ ಇನ್ನು ಮೇಲಲ್ವಾ?"

"ನಂಗೂ ಹಚ್ಚಿ, ಕನ್ನಮ್ಮಕ್ಕ" ಎನ್ನುತ್ತಾಳೆ ರಕ್ಷಾ.

"ನಿನ್ನ ಕಪ್ಪು ತಲೆಗೆ ಹಚ್ಚಿದ್ರೆ ಬಿಸಿಲಲ್ಲಿ ನಿಂತಾಗ ಒಂಚೂರು ಕಾಣತ್ತೆ, ಅಷ್ಟೇ. ಉರಿಗೆಂಪು ಬೇಕಾದ್ರೆ ಮೊದಲು ಅಜ್ಜಿ ಆಗಿ ಬಾ."

ಜಲಜಮ್ಮ ಬಾಯಿಗೆ ಸೆರಗು ಒತ್ತಿ ನಗುತ್ತಾರೆ.

ಡಬ್ಬಿ ಬಣ್ಣ ಹಚ್ಚಿ, ಪ್ಲಾಸ್ಟಿಕ್ ಟೋಪಿ ತೊಡಿಸಿದ ಸ್ವಲ್ಪ ಹೊತ್ತಿಗೆ ಜಲಜಮ್ಮನ ಮಾತು ನಿಲ್ಲುತ್ತದೆ. ಹೊತ್ತು ತುಂಬಿದಾಗ ಕನ್ನಮ್ಮ ಟೋಪಿಯ ಅಂಚೆತ್ತಿ ಒಂದು ಎಳೆಯನ್ನು ಬಟ್ಟೆಯಿಂದ ಒರೆಸಿ ನೋಡುತ್ತಾರೆ. ದಾಳಿಂಬೆ ಕಾಳಿನ ಕೆಂಪು. ಕುತ್ತಿಗೆ, ಹಣೆ, ರೆಪ್ಪೆ, ಒಂದೊಂದನ್ನೂ ಬಗ್ಗಿ ಪರೀಕ್ಷಿಸುತ್ತಾರೆ. ಎಲ್ಲೂ ದದ್ದಿಲ್ಲ, ಬಾವಿಲ್ಲ.

ಇದನ್ನು ಹೇಳಬೇಕಾದವರಿಗೆ ಕೇಳುವ ಎಚ್ಚರವಿಲ್ಲ. ಗೋಡೆಗೊರಗಿದ ಜಲಜಮ್ಮನ ಬಾಯಿ ಅರೆ ತೆರೆದಿದೆ. ಸಣ್ಣ ಗೊರಕೆ.

ಹೊರಗೆ ಕಾರು ನಿಂತ ಸದ್ದು, ಚಪ್ಪಲಿಗಳ ಸದ್ದು. ಜಲಜಮ್ಮನ ಗಂಡ ಮಂಜಯ್ಯ ಬಚ್ಚಲ ಬಾಗಿಲ ಹೊರಗೆ ಬಂದು ನಿಲ್ಲುತ್ತಾರೆ. "ಕನ್ನಮ್ಮಾ, ಅವಳದ್ದು ಆಯ್ತಾ? ನೆಂಟರು ಬಂದ್ರು, ಕಾಫಿ ಆಗಬೇಕು."

ಕನ್ನಮ್ಮ ಕೆಂಪು ಎಳೆಯನ್ನು ಟೋಪಿಯೊಳಗೆ ಸೇರಿಸಿ, ಮೇಲೊಂದು ಟವೆಲ್ ಸುತ್ತುತ್ತಾರೆ.

"ಎಲ್ಲಿ ಅಯ್ಯಾ, ಬಣ್ಣ ಈಗಿನ್ನೂ ಹಿಡೀತಿದೆ. ಇನ್ನೊಂದು ಗಂಟೆ ಅಲ್ಲಾಡಬಾರದು ಅವರು."

ಹೆಜ್ಜೆಗಳು ದೂರವಾಗುತ್ತವೆ. ಕನ್ನಮ್ಮ ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ.